ಉಪ್ಪಿಲ್ಲದ ಅನ್ನ: ಸುಮಾಳ ಜೊತೆ ಮ್ಯಾಂಚೆಸ್ಟರಿನಲ್ಲಿ

ಹರ್ಷ, ಭೂಮಿಕಾ, ವಿವೇಕ, ನೀವು ಮೂವರೂ ಕೂತು ಓದಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಇಂಗ್ಲೆಂಡಿಗೆ ಹೋಗಿ ಬಂದ ಕಥೆ ಹೇಳು ಅಂತ ನೀವು ಕೇಳಿದಾಗಲೆಲ್ಲ ವಿಮಾನದ ಮಾತು, ಮಳೆಯ ಮಾತು ಹೇಳಿ ಎದ್ದುಬಿಡುತ್ತಿದ್ದೆ. ಎದುರಿಗೆ ಕೂರಿಸಿಕೊಂಡು ಪೂರ್ತಿ ಹೇಳುವುದು ನನ್ನಿಂದಾಗದು. ನಿಮ್ಮ ತಾತ ಇದ್ದ ಕಾಲದಲ್ಲೂ ನಾಲ್ಕು ಜನ ಬಂದರೆ ನಾನು ಬಾಗಿಲ ಹಿಂದೆ ನಿಂತು ಮಾತಾಡಿದವಳು. ಕೆ.ಆರ್. ಪೇಟೆ ಕಡೆಯ ನನ್ನ ತವರೂರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತದ್ದು ಇದಕ್ಕಾದರೂ ಆಗಲಿ.

ಹರ್ಷ, ಭೂಮಿಕಾ, ಆಗ ನೀವಿಬ್ಬರೂ ಹುಟ್ಟಿರಲಿಲ್ಲ. ವಿವೇಕ, ನೀನು ನಿಮ್ಮವ್ವನ ಹೊಟ್ಟೆಯಲ್ಲಿದ್ದೆ. ನಿನ್ನಕ್ಕ ಸುಮಾಗೆ ಆರು ವರ್ಷ.

ಕಿರಂಗೂರಿನಿಂದ ಹೊರಟಿದ್ದು

ಅದು ತೊಂಬತ್ತರ ದಶಕದ ನಡುವಿನ ಮಾತು. ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಗಿರಿಜಾ ಮ್ಯಾಂಚೆಸ್ಟರಿನಲ್ಲಿದ್ದಳು. ಅಳಿಯಂದಿರು ನಮ್ಮ ಜಿಲ್ಲೆಯ ಕೃಷಿ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು, ಹೆಚ್ಚಿನ ಓದಿಗೆ ಅಲ್ಲಿಗೆ ಹೋಗಿದ್ದರು. ಸುಮಾಗೆ ಮೂರು ವರ್ಷವಿದ್ದಾಗ ಹೊಟ್ಟೆಯಲ್ಲಿ ಗಡ್ಡೆ ಕಂಡು, ಬೆಂಗಳೂರಿನಲ್ಲಿ ಒಂದು ಮೂತ್ರಪಿಂಡವನ್ನೇ ತೆಗೆದಿದ್ದರು. ಮಕ್ಕಳಿಗೆ ಬರುವ ಮೂತ್ರಪಿಂಡದ ಕ್ಯಾನ್ಸರು. ಔಷಧಿಯೂ ಆಯಿತು, ವಾಸಿಯೂ ಆಯಿತು ಅಂದುಕೊಂಡೇ ಅವರು ವಿಮಾನ ಹತ್ತಿದ್ದು. ಹೋಗಿ ವರ್ಷ ತುಂಬುವ ಮೊದಲೇ ಮಗುವಿಗೆ ಕೆಮ್ಮು ಬಂತು. ಫೋಟೋ ತೆಗೆದು ನೋಡಿದರೆ ಅದೇ ಕಾಯಿಲೆ ಈಗ ಶ್ವಾಸಕೋಶದಲ್ಲಿತ್ತು.

ಶ್ರೀರಂಗಪಟ್ಟಣದ ಎಸ್‌ಟಿಡಿ ಬೂತಿಗೆ ಹೋಗಿ ಕಾದು ಕೂತಿದ್ದೆವು. ಗಿರಿಜಾ ಫೋನು ಮಾಡಿದಳು.

"ಅವ್ವ, ನೀನು ಬಂದ್ಬುಡು. ಔಷ್ದಿ ಆಕುಸ್ಕೊಂಡ ಮಗೀನ ಉಚ್ಚೆ, ವಾಂತಿ, ಏನ್ನೂ ನಾನು ಮುಟ್ಟಂಗಿಲ್ವಂತೆ. ಬಸುರೀರ್ಗೆ ಆಗಾಕಿಲ್ವಂತೆ."

ನಾನು ಹೂಂ ಅಂದೆ. ಆ ಒಂದು ಹೂಂಗೆ ನನ್ನ ಮಗ (ಹರ್ಷ, ನಿನ್ನಪ್ಪ) ನಾಲ್ಕು ತಿಂಗಳು ಪಾಂಡವಪುರ, ಮಂಡ್ಯ, ಬೆಂಗಳೂರು ಅಂತ ಓಡಾಡಿ ಪಾಸ್‌ಪೋರ್ಟು ಮಾಡಿಸಬೇಕಾಯಿತು ಅಂತ ಬರೆಯಲು ಹೊರಟಿದ್ದೆ. ನಾಲ್ಕಲ್ಲ, ಎರಡು ತಿಂಗಳು.

ನನ್ನ ನಾದಿನಿ ಕೆಂಪಮ್ಮ ಬೆಳ್ಳೂರು ಕಡೆಯಿಂದ ಬಂದಳು. ಅವಳ ಗಂಡನ ಮನೆಯಲ್ಲಿ ಕಾಮಾಲೆಗೆ ನೆಲನೆಲ್ಲಿಯ ಔಷಧಿ ಕೊಡುತ್ತಿದ್ದರು. ನಾಗಮಂಗಲದಾಚೆಯಿಂದಲೂ ಜನ ಬರುತ್ತಿದ್ದರು. ಒಂದು ಚಿಕ್ಕ ಡಬ್ಬಿಯಲ್ಲಿ ಪುಡಿ ತಂದು ನನ್ನ ಸೀರೆಗಳ ನಡುವೆ ಇಟ್ಟಳು.

"ಅತ್ಗೆ, ಬಿಸಿ ಔಷ್ದಿ ಕೊಟ್ಟೂ ಕೊಟ್ಟೂ ಮಗೀಗೆ ಕಾಮಾಲೆ ತಿರ್ಗ್‌ಬೋದು. ಕಣ್ಣು ಅಳ್ದಿ ಕಂಡ್ರೆ ಚಿಟಿಕೆ ಪುಡಿ ಮಜ್ಜಿಗೆಗಾಕಿ ಕುಡ್ಸಿ. ಪತ್ಯ ಮಾತ್ರ ಬುಡ್ಬ್ಯಾಡಿ. ಉಪ್ಪು ಮುಟ್ಸುದ್ರೋ, ಕೊಟ್ಟಿದ್ದೆಲ್ಲ ದಂಡ."

ಬಾಬುರಾಯನಕೊಪ್ಪಲಿನಲ್ಲಿ ಬಸ್ಸು ಹತ್ತುವಾಗ ಗಂಟುಗಳನ್ನು ನೋಡಿ ಕಂಡಕ್ಟರು, "ಎಲ್ಗವ್ವ, ಮನೆಯೆಲ್ಲ ಕಟ್ಕೊಂಡ್ ಒಂಟಿದ್ದೀಯೆ?" ಅಂದ. ಮಗ ಇಂಗ್ಲೆಂಡಿಗೆ ಅಂದ. "ಅಂಗಾರೆ ಬೆಂಗ್ಳೂರ್ಗಂಟ ಟಿಕೀಟು ಅರೀತೀನಿ. ಆಮ್ಯಾಕಿಂದು ಆ ರಾಣಿಯಮ್ಮುನ್ತವೇ ಅರ್ಸ್ಕೊ" ಅಂತ ಟಿಕೆಟ್ಟು ಕೊಟ್ಟ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದೆ. ಕಬ್ಬಿನ ಗದ್ದೆಗಳು ಸೂಲಂಗಿ ಹೂ ಬಿಟ್ಟಿದ್ದವು.

ಆಕಾಶದಲ್ಲಿ

ಇದನ್ನು ನಿಮಗೆ ಹೇಳಿದ್ದೇನೆ, ಆದರೂ ಬರೆಯುತ್ತೇನೆ. "ಇವರಿಗೆ ಕನ್ನಡ ಮಾತ್ರ ಬರುತ್ತದೆ" ಅಂತ ಮಗ ಇಂಗ್ಲಿಷಿನಲ್ಲಿ ಬರೆದು, ಚೀಟಿಯನ್ನು ನನ್ನ ಸೆರಗಿಗೆ ಪಿನ್ನು ಹಾಕಿದ್ದ. ಬೊಂಬಾಯಿಯಲ್ಲಿ ದೊಡ್ಡ ವಿಮಾನ ಹತ್ತಿದ ಕೂಡಲೇ ಒಬ್ಬ ಹುಡುಗಿ ಬಂದು ಸೊಂಟಕ್ಕೆ ಪಟ್ಟಿ ಬಿಗಿದಳು. ಅವಳು ಬಿಗಿದದ್ದನ್ನು ಅವಳೇ ಬಿಚ್ಚಬೇಕು ಅಂದುಕೊಂಡು ನಾನು ಕೂತೇ ಇದ್ದೆ. ಊಟ ಬಂತು, ಹೋಯಿತು. ಜನ ಎದ್ದು ಓಡಾಡುತ್ತಿದ್ದರು. ಅವರೆಲ್ಲ ಕಲಿತವರು, ಅವರಿಗೆ ನಡೆಯುತ್ತದೆ ಅಂತ ನನ್ನ ಲೆಕ್ಕ. ಕೊನೆಗೆ ಪಕ್ಕದ ಗುಜರಾತಿನ ಹೆಂಗಸು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು, ಪಟ್ಟಿ ಬಿಚ್ಚಿ, ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದಳು. ಅವಳ ಹೆಸರು ಕೇಳಲೂ ನನಗೆ ಭಾಷೆ ಇರಲಿಲ್ಲ.

ಇಳಿದ ಮೇಲೆ ಒಬ್ಬ ಅಧಿಕಾರಿ ರಾಗಿ ಹಿಟ್ಟಿನ ಗಂಟು ಬಿಚ್ಚಿಸಿದ. ಮೂಸಿ ನೋಡಿದ. ಏನೋ ಕೇಳಿದ. ನಾನು ಸೆರಗಿನ ಚೀಟಿ ತೋರಿಸಿದೆ. ಅವನು ಓದಿ, ಗಂಟನ್ನು ತಾನೇ ಕಟ್ಟಿಕೊಟ್ಟ. ಡಬ್ಬಿ ಅವನ ಕಣ್ಣಿಗೆ ಬೀಳಲಿಲ್ಲ.

ಮ್ಯಾಂಚೆಸ್ಟರು, ಮೊದಲ ದಿನಗಳು

ಇಟ್ಟಿಗೆ ಬಣ್ಣದ ಊರು. ಬೀದಿಗೆ ಬೀದಿಯೇ ಒಂದೇ ಅಚ್ಚಿನ ಮನೆಗಳು. ನಮ್ಮಲ್ಲಾದರೆ ಬೇವಿನ ಮರದ ಮನೆ, ಜಗಲಿ ಮುರಿದ ಮನೆ ಅಂತ ಗುರುತಿರುತ್ತದೆ. ಅಲ್ಲಿ ಸಂಖ್ಯೆಯೇ ಗುರುತು. ಕಸ ಹಾಕಲು ಹೋದವಳು ತಿರುಗಿ ಬರುವಾಗ ಪಕ್ಕದ ಮನೆಯ ಬಾಗಿಲು ತಳ್ಳಿ, ಯಾರೋ ಮುದುಕಿಯ ಅಡುಗೆಮನೆಯಲ್ಲಿ ನಿಂತಿದ್ದೆ. ಆಕೆ ಗಾಬರಿಯಾಗಲಿಲ್ಲ. ಹೊರಗೆ ಕರೆದುಕೊಂಡು ಬಂದು, ಗಿರಿಜಾಳ ಬಾಗಿಲು ತಟ್ಟಿ, ಒಪ್ಪಿಸಿ ಹೋದಳು.

ಆ ಜನ ಕಾಲು ತುಳಿಸಿಕೊಂಡವರೂ ಕ್ಷಮೆ ಕೇಳುತ್ತಾರೆ. ಆದರೆ ಎಲ್ಲಿಗೆ ಹೊರಟೆ, ಊಟ ಆಯಿತಾ ಅಂತ ಯಾರೂ ಕೇಳುವುದಿಲ್ಲ. ಕಿರಂಗೂರಿನಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಹತ್ತು ಜನಕ್ಕೆ ಉತ್ತರ ಹೇಳಬೇಕಿತ್ತು. ಅಲ್ಲಿದ್ದಾಗ ಅದಕ್ಕಾಗಿಯೇ ಹಂಬಲಿಸಿದೆ. ಬೆಳಗಿನ ಹೊತ್ತು ಆಲೆಮನೆಯ ಬೆಲ್ಲದ ವಾಸನೆ ಬಂದಂತಾಗಿ ಕಿಟಕಿ ತೆಗೆಯುತ್ತಿದ್ದೆ. ಬರುತ್ತಿದ್ದದ್ದು ಮಳೆಯ ವಾಸನೆ.

ಅದುವರೆಗೆ ಕೊಟ್ಟಿದ್ದ ಔಷಧಿಗೆ ಸುಮಾಳ ತಲೆಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ನನ್ನನ್ನು ನೋಡಿದವಳೇ, "ಅಜ್ಜಿ, ನನ್ ತಲೆ ನಿನ್ ತಾಮ್ರುದ್ ಚೊಂಬಿನಂಗದೆ ಅಲ್ವಾ?" ಅಂದಳು. "ಅದ್ಕಿಂತ ಹೊಳೀತದೆ ಕಣವ್ವ" ಅಂದೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಮೂರು ಚೀಲ

ಅಲ್ಲಿನ ಡಾಕ್ಟರು ಹೆಂಗಸು, ಬಹಳ ಎತ್ತರ. ಸುಮಾ ಆಕೆಗೆ ಉದ್ದ ಡಾಕ್ಟರಮ್ಮ ಅಂತ ಹೆಸರಿಟ್ಟಿದ್ದಳು. ಮಕ್ಕಳ ಜೊತೆ ಮಾತಾಡುವಾಗ ನೆಲದ ಮೇಲೆ ಕೂರುತ್ತಿದ್ದರು. ನಾನು ನೆಲದ ಮೇಲೆ ಕೂತದ್ದನ್ನು ನೋಡಿ ನನ್ನ ಹತ್ತಿರವೂ ಹಾಗೇ ಕೂತರು. ಅವರು ಹೇಳಿದ್ದನ್ನು ಗಿರಿಜಾ ನನಗೆ ಕನ್ನಡದಲ್ಲಿ ಹೇಳಿದಳು.

ಈ ಕಾಯಿಲೆ ಮೊದಲ ಸಲ ಬಂದರೆ ಯಾವ ಔಷಧಿ ಅಂತ ಅವರಿಗೆ ಗೊತ್ತು. ತಿರುಗಿ ಬಂದರೆ ಏನು ಮಾಡಬೇಕು ಅನ್ನುವುದು ಇನ್ನೂ ಚೆನ್ನಾಗಿ ಗೊತ್ತಿಲ್ಲ. ಮೂರು ಔಷಧಿಗಳಿವೆ, ಒಂದೊಂದೂ ಅವರಿಗೆ ಪರಿಚಯದ್ದೇ. ಮೂರನ್ನೂ ಜೊತೆಗೆ ಕೊಟ್ಟರೆ ಕಾಯಿಲೆ ಹಿಡಿತಕ್ಕೆ ಬರುತ್ತದಾ, ಮಗುವಿನ ಮೈ ಎಷ್ಟು ತಡೆಯುತ್ತದೆ, ಅದನ್ನು ಪರೀಕ್ಷೆ ಮಾಡುತ್ತಿದ್ದಾರೆ. ಸೇರಲೇಬೇಕು ಅಂತಿಲ್ಲ. ಸೇರಿದರೆ ಎಲ್ಲವನ್ನೂ ಬರೆದಿಡುತ್ತಾರೆ. ಮತ್ತೆ, ಕೇಳದೆ ಬೇರೆ ಏನನ್ನೂ ಕೊಡಬಾರದು. ಟಾನಿಕ್ಕಾಗಲಿ, ಸೊಪ್ಪಾಗಲಿ.

ಅಳಿಯಂದಿರು ಸಹಿ ಮಾಡಿದ್ದರು. ಗಿರಿಜಾ ಸೊಪ್ಪು ಅನ್ನುವ ಮಾತನ್ನೂ ಬಿಡದೆ ಹೇಳಿದಳು. ನಾನು ತಲೆಯಾಡಿಸಿದೆ. ಗದ್ದೆ ಬದುವಿನ ನೆಲನೆಲ್ಲಿ ಆ ಮಾತಿಗೆ ಸೇರುತ್ತದೆ ಅಂತ ಹೊಳೆಯಲೇ ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು.

ಒಂದು ಕಂಬಕ್ಕೆ ಮೂರು ಚೀಲ ನೇತುಹಾಕುತ್ತಿದ್ದರು. ಒಂದಕ್ಕೆ ಬೆಳಕು ತಾಗಬಾರದೆಂದು ಕಂದು ಬಣ್ಣದ ಹೊದಿಕೆ. ದಿನಗಟ್ಟಲೆ ಹನಿ ಹನಿಯಾಗಿ ಇಳಿಯುತ್ತಿತ್ತು. ನನ್ನ ಕೆಲಸ, ಕೈಗವಸು ಹಾಕಿಕೊಂಡು ಮಗು ಕುಡಿದದ್ದನ್ನೂ ಹೊಯ್ದದ್ದನ್ನೂ ಅಳೆದು ನರ್ಸಿಗೆ ತೋರಿಸುವುದು. ಉಳಿದಿರುವ ಒಂದೇ ಮೂತ್ರಪಿಂಡಕ್ಕೆ ತೊಂದರೆಯಾಗದಿರಲಿ ಅಂತ ಅಷ್ಟು ಕಾವಲು. ಮನೆಯಲ್ಲಿ ಹಾಲು ಅಳೆದವಳು ನಾನು. ನನ್ನ ಅಳತೆ ಒಂದು ದಿನವೂ ತಪ್ಪಲಿಲ್ಲ ಅಂತ ನರ್ಸುಗಳು ಹೊಗಳುತ್ತಿದ್ದರು.

ಎಲ್ಲರ ಅಡುಗೆಮನೆ

ಆಸ್ಪತ್ರೆಯ ಪಕ್ಕದಲ್ಲೇ ಮಕ್ಕಳ ಕಡೆಯವರು ಉಳಿದುಕೊಳ್ಳುವ ಮನೆಯಿತ್ತು. ಒಂದು ಸುತ್ತು ಔಷಧಿಗೂ ಇನ್ನೊಂದು ಸುತ್ತಿಗೂ ನಡುವೆ ನಾನೂ ಸುಮಾಳೂ ಅಲ್ಲೇ ಇರುತ್ತಿದ್ದೆವು. ಗಿರಿಜಾ ಹಗಲು ಬಂದು ಹೋಗುತ್ತಿದ್ದಳು. ಅಡುಗೆಮನೆ ಎಲ್ಲರಿಗೂ ಒಂದೇ. ಅಲ್ಲಿ ಜಾರ್ಜ್ ಅಂತ ಒಬ್ಬ ಮುದುಕರ ಪರಿಚಯವಾಯಿತು. ಅವರ ಮೊಮ್ಮಗಳು ಲೂಸಿಗೂ ಇದೇ ಕಾಯಿಲೆ ತಿರುಗಿ ಬಂದಿತ್ತು. ಇದೇ ಔಷಧಿಗೆ ಅವಳ ಸರದಿ ಮುಂದಿನದು.

ಜಾರ್ಜಜ್ಜ ಪಾತ್ರೆ ತೊಳೆಯುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಸೋಪಿನ ನೊರೆಯಲ್ಲಿ ಅದ್ದಿ, ನೊರೆಯ ಸಮೇತ ಎತ್ತಿ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದರು. ಆ ಊರಿನಲ್ಲಿ ಬಹಳ ಜನ ಹಾಗೇ. ಅವರು ಆಚೆ ಹೋದ ಮೇಲೆ ನಾನು ಎಲ್ಲವನ್ನೂ ನಲ್ಲಿಗೆ ಹಿಡಿದು ಮತ್ತೆ ತೊಳೆದಿಡುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ. ಅವರು ಬಾಗಿಲಲ್ಲಿ ನಿಂತು ನೋಡಿದರು. ಮಾರನೇ ದಿನದಿಂದ ಒಂದೊಂದು ಲೋಟವನ್ನೂ ನಲ್ಲಿಗೆ ಹಿಡಿದು, ಬೆಳಕಿಗೆ ಎತ್ತಿ, ನನ್ನ ಕಡೆ ನೋಡುತ್ತಿದ್ದರು. ನಾನು ತಲೆಯಾಡಿಸಿದ ಮೇಲೆ ಕಪಾಟಿಗೆ. ನಮ್ಮಿಬ್ಬರ ನಡುವೆ ಇದ್ದ ಮಾತು ಅಷ್ಟೇ. ಈಗ ನೆನೆದರೆ, ಕಿರಂಗೂರಿನ ನನ್ನ ಸ್ವಂತ ಅಡುಗೆಮನೆಗಿಂತ ಅದೇ ಕಣ್ಣಮುಂದೆ ಬರುತ್ತದೆ.

ಎರಡನೇ ಸುತ್ತು ಮುಗಿದ ಮೇಲೆ ಸುಮಾ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಬೇಸರಪಟ್ಟಳು. ಕಣ್ಣು ನೋಡಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಳದಿ ಅನ್ನಿಸಿತು. ನರ್ಸಿಗೆ ಹೇಳಬಹುದಿತ್ತು. ಹೇಳಲು ಮಾತು ಬೇಕು, ಗಿರಿಜಾ ಬರಬೇಕು, ಬಂದರೆ ಅವಳು ಹೆದರುತ್ತಾಳೆ, ಅವಳು ಬಸುರಿ. ಇಷ್ಟೆಲ್ಲ ನೆವ ಹೂಡಿಕೊಂಡು ಡಬ್ಬಿ ತೆಗೆದೆ. ಮಜ್ಜಿಗೆಯಲ್ಲಿ ಚಿಟಿಕೆ ಪುಡಿ. ಅನ್ನಕ್ಕೆ, ಬೇಳೆಗೆ, ರಾಗಿ ಅಂಬಲಿಗೆ ಉಪ್ಪು ನಿಲ್ಲಿಸಿದೆ. ಮಗುವಿನೆದುರು ನಾನು ಉಪ್ಪು ತಿನ್ನಲಾಗದೆ ಅದನ್ನೇ ಉಂಡೆ.

"ಅಜ್ಜಿ, ಇದ್ರಲ್ಲಿ ಉಪ್ಪೇ ಇಲ್ಲ."

"ಅದೆ ಕಣವ್ವ. ನಿನ್ ಬಾಯ್‌ರುಚಿ ಕೆಟ್ಟದೆ, ಅದ್ಕೇ ಅಂಗನ್ಸ್ತದೆ."

ಆ ಔಷಧಿಗೆ ಬಾಯಿರುಚಿ ಕೆಡುತ್ತದೆ ಅಂತ ಮೊದಲೇ ಎಲ್ಲರಿಗೂ ಹೇಳಿದ್ದರು. ಸುಮಾ ಅವಳವ್ವನಿಗೆ ದೂರು ಹೇಳಿದಳು. ಗಿರಿಜಾ, "ಔಷ್ದಿ ಮುಗುದ್ಮ್ಯಾಲೆ ಸರಿಯಾಯ್ತದೆ ಚಿನ್ನ" ಅಂದಳು. ಇಂಗ್ಲಿಷಿನಲ್ಲಿ ನರ್ಸಿಗೂ ಹೇಳಿದಳು. ನರ್ಸು ಸುಮಾಳ ಕೆನ್ನೆ ಸವರಿದಳು. ಇಬ್ಬರೂ ನಂಬಿದ್ದು ಔಷಧಿಯ ಗುಣವನ್ನು. ಮಗು ಹೇಳುತ್ತಿರುವುದು ನಿಜ ಅಂತ ಗೊತ್ತಿದ್ದವಳು ನಾನೊಬ್ಬಳೇ. ಮೂರು ದಿನ ಹೇಳಿ ಸುಮಾ ಸುಮ್ಮನಾದಳು. ಕೊಟ್ಟಿದ್ದನ್ನು ಉಣ್ಣುತ್ತಿದ್ದಳು.

ಮಗು ಮಲಗಿದ್ದು

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳಿಗೆ ಕಾಲಿನ ಮಾಂಸಖಂಡ ಹಿಡಿದುಕೊಂಡಿತು. ವಾಂತಿಯಾಯಿತು. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದಳು. ಎತ್ತಿಕೊಂಡು ವಾರ್ಡಿಗೆ ಓಡಿದೆ. ರಕ್ತ ತೆಗೆದರು, ಇನ್ನೊಂದು ಚೀಲ ಕಟ್ಟಿದರು. ಸಂಜೆಯ ಹೊತ್ತಿಗೆ ಗಿರಿಜಾ ಡಾಕ್ಟರರ ಕೋಣೆಯಿಂದ ಬಂದಳು. ಮುಖ ಬಿಳಿಚಿತ್ತು.

"ಅವ್ವ, ರಕ್ತದಲ್ಲಿ ಉಪ್ಪು ಬಾಳ ಕಮ್ಮಿ ಆಗೋಗದಂತೆ. ಆ ಔಷ್ದಿಗೆ ಮೂತ್ರಪಿಂಡದಿಂದ ಉಪ್ಪು ಸೋರಿ ಓಯ್ತದಂತೆ. ಇಷ್ಟ್ ಬೇಗ ಇಷ್ಟೊಂದು ಸೋರುದ್ರೆ ಇವ್ಳಿಗೆ ಈ ಔಷ್ದಿ ತಡೆಯಾಕಿಲ್ಲ ಅಂತಾವ್ರೆ. ಮುಂದುಲ್ ಸುತ್ತು ನಿಲ್ಸ್‌ಬೋದು."

"ನಿಲ್ಸುದ್ರೆ?"

"ನಿಲ್ಸುದ್ರೆ ಬ್ಯಾರೆ ಇಲ್ಲ ಅವ್ವ."

ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಮಾತು ಮೀರಿದವರು ಅಂತ ಪರೀಕ್ಷೆಯಿಂದಲೇ ಹೊರಗೆ ಹಾಕಿದರೆ? ಹೇಳದೆ ಇದ್ದರೂ ಔಷಧಿ ನಿಲ್ಲುತ್ತದೆ. ಯಾವ ಕಡೆಯಿಂದ ನೋಡಿದರೂ ಮಗುವಿನ ಬಾಗಿಲು ಮುಚ್ಚುವುದು ನನ್ನ ಕೈಯೇ. ಆ ರಾತ್ರಿಯೆಲ್ಲ ಸುಮಾಳ ಪಾದ ಹಿಡಿದುಕೊಂಡು ಕೂತಿದ್ದೆ.

ಬೆಳಿಗ್ಗೆ ಅಡುಗೆಮನೆಗೆ ಹೋದೆ. ಜಾರ್ಜಜ್ಜ ಮೇಜಿನ ಮುಂದೆ ಕೂತಿದ್ದರು. ಲೂಸಿಯ ಆಸ್ಪತ್ರೆಯ ಚೀಲ ಕಟ್ಟಿ ಸಿದ್ಧವಾಗಿ ಪಕ್ಕದಲ್ಲಿತ್ತು. ಅವರು ನನಗೆ ಟೀ ಬಗ್ಗಿಸಿ ಕೊಟ್ಟು, ಸುಮಾ ಅಂತ ಹೆಸರು ಹೇಳಿ ಕೈಸನ್ನೆಯಲ್ಲಿ ಹೇಗಿದ್ದಾಳೆ ಅಂತ ಕೇಳಿದರು. ಅಷ್ಟರಲ್ಲಿ ಗಿರಿಜಾ ಬಂದಳು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು.

"ಏನಂದ್ರು?" ಅಂದೆ.

"ಇವತ್ತು ಲೂಸಿಗೆ ಸುರು ಮಾಡ್ಬೇಕಿತ್ತಂತೆ. ಸುಮಂಗೆ ಯಾಕಿಂಗಾಯ್ತು ಅಂತ ಗೊತ್ತಾಗಾಗಂಟ ಬ್ಯಾಡ ಅಂದವ್ರಂತೆ. ಆದ್ರೆ ಅವ್ರು ಬ್ಯಾಸ್ರ ಮಾಡ್ಕೊಂಡಿಲ್ಲ, ಸುಮಂಗೆ ವಾಸಿಯಾಗ್ಲಿ ಅಂತಾವ್ರೆ."

ನಾನು ಟೀ ಲೋಟ ಕೆಳಗಿಟ್ಟೆ. ಮಗಳ ಮುಖ ನೋಡದೆ, ಮೇಜು ನೋಡಿಕೊಂಡು ಹೇಳಿದೆ. "ಗಿರಿಜಾ, ಉಪ್ಪು ಸೋರ್ಲಿಲ್ಲ ಕಣವ್ವ. ನಾನೇ ಆಕ್ಲಿಲ್ಲ."

ಡಬ್ಬಿ ತಂದು ಅವಳ ಮುಂದಿಟ್ಟೆ.

"ಕೆಂಪತ್ತೆ ಕೊಟ್ಟುದ್ದಾ?" ಅಂದಳು. ನಾನು ಹೂಂ ಅಂದೆ. "ಮಗು ಉಪ್ಪಿಲ್ಲ ಅಂತ ಬಡ್ಕೊಂಡ್ಳು. ನೀನು ನನ್ ಮುಂದೇನೇ ಇದ್ದೆ. ಒಂದ್ ಮಾತು ಯೋಳ್ಬಾರ್ದಾಗಿತ್ತಾ ಅವ್ವ?" ಅಂದು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ಎದ್ದೇಳು" ಅಂದಳು.

ಉದ್ದ ಡಾಕ್ಟರಮ್ಮನ ಕೋಣೆ

ಹುಟ್ಟಿದ ಮೇಲೆ ಅಪರಿಚಿತರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಗಿರಿಜಾ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಡಾಕ್ಟರಮ್ಮ ಮೊದಲು ಕೇಳಿದ್ದು, ಉಪ್ಪು ಪೂರ್ತಿ ಬಿಟ್ಟಿದ್ದಿರಾ, ಸ್ವಲ್ಪ ಇತ್ತಾ ಅಂತ. ಪೂರ್ತಿ ಅಂದೆ. ಯಾವತ್ತಿನಿಂದ ಅಂದರು. ನನಗೆ ತಾರೀಖು ತಿಳಿಯದು. ಅಮಾವಾಸ್ಯೆಯ ಮಾರನೇ ದಿನದಿಂದ ಅಂದೆ. ಅಳಿಯಂದಿರು ಮನೆಗೆ ಹೋಗಿ ಊರಿನಿಂದ ತಂದಿದ್ದ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ತಂದರು. ಅಮಾವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕದ ಚೌಕಕ್ಕೆ ಡಾಕ್ಟರಮ್ಮ ಬೆರಳಿಟ್ಟು, ಅಲ್ಲಿಂದ ಎಣಿಸಿದರು. ಡಬ್ಬಿಯನ್ನು ಎಸೆಯಲಿಲ್ಲ. ಅದಕ್ಕೊಂದು ಚೀಟಿ ಅಂಟಿಸಿ ಪರೀಕ್ಷೆಗೆ ಕಳಿಸಿದರು.

ಆಮೇಲೆ ಗಿರಿಜಾ ನನಗೆ ಬಿಡಿಸಿ ಹೇಳಿದಳು. ಔಷಧಿ ಸ್ವಲ್ಪ ಉಪ್ಪನ್ನು ಸೋರಿಸಿದ್ದೂ ನಿಜವಂತೆ. ಹೋದದ್ದು ಊಟದಲ್ಲಿ ತಿರುಗಿ ಬಾರದೆ ಇಷ್ಟಾಯಿತಂತೆ. ಕೆರೆಯ ಏರಿ ಸೋರುತ್ತಿರುವಾಗ ನಾನು ನಾಲೆಯ ತೂಬನ್ನೂ ಮುಚ್ಚಿದ್ದೆ. ಕಣ್ಣು ಹಳದಿ ಅಂದದ್ದಕ್ಕೆ ಅವರು ರಕ್ತ ನೋಡಿ, ಕಾಮಾಲೆ ಇಲ್ಲವೇ ಇಲ್ಲ ಅಂದರು.

ಒಂದು ಹಾಳೆ ಕೊಟ್ಟು, ಹೇಳಿದ್ದನ್ನೆಲ್ಲ ನಿಮ್ಮ ಕೈಯಲ್ಲೇ ನಿಮ್ಮ ಭಾಷೆಯಲ್ಲಿ ಬರೆಯಿರಿ, ಕೆಳಗೆ ಮಗಳು ಇಂಗ್ಲಿಷಿನಲ್ಲಿ ಬರೆಯಲಿ ಅಂದರು. ದಿನಕ್ಕೆ ಒಂದು ಚಿಟಿಕೆ ಅಂತ ಬರೆದೆ. ಎರಡು ಹೊತ್ತು ಕೊಟ್ಟಿದ್ದು ನೆನಪಾಯಿತು. ಒಂದು ಅನ್ನುವುದನ್ನು ಕಾಣದಂತೆ ಪೆನ್ನಿನಲ್ಲಿ ಉಜ್ಜತೊಡಗಿದೆ. ಶಾಲೆಯಲ್ಲಿ ಸ್ಲೇಟು, ಎಂಜಲು ಹಚ್ಚಿ ಒರೆಸಿದರೆ ತಪ್ಪು ಮಾಡಿದ್ದೇ ಗೊತ್ತಾಗುತ್ತಿರಲಿಲ್ಲ. ಡಾಕ್ಟರಮ್ಮ ನನ್ನ ಕೈ ಹಿಡಿದು ತಡೆದರು. ಇನ್ನೊಂದು ಹಾಳೆ ತಂದು ತೋರಿಸಿದರು, ಅವರದೇ ಬರವಣಿಗೆ. ಅಲ್ಲಲ್ಲಿ ತಪ್ಪಿದ್ದರು. ತಪ್ಪಿದ ಕಡೆಯಲ್ಲೆಲ್ಲ ಒಂದೇ ಗೆರೆ, ಕೆಳಗಿನ ಅಕ್ಷರ ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು. ಈ ಪರೀಕ್ಷೆಯಲ್ಲಿ ಯಾರೇ ತಪ್ಪಿದರೂ ಹೀಗೆಯೇ, ಯಾವುದನ್ನೂ ಮುಚ್ಚುವಂತಿಲ್ಲ, ಮುಂದೆ ಓದುವವರಿಗೆ ತಪ್ಪೂ ಬೇಕು ಅಂದರು.

ನಾನು ಒಂದು ಗೆರೆ ಎಳೆದೆ. ಎರಡು ಅಂತ ಬರೆದು, ಸಣ್ಣದಾಗಿ ಸಹಿ ಹಾಕಿದೆ.

ಸುಮಾಳನ್ನು ಹೊರಗೆ ಹಾಕಲಿಲ್ಲ. ಉಪ್ಪು ಸರಿಹೋದ ಮೇಲೆ ಮುಂದಿನ ಸುತ್ತು ಶುರುವಾಯಿತು. ನನ್ನ ಅಡುಗೆಯನ್ನೂ ನಿಲ್ಲಿಸಲಿಲ್ಲ, ಏನೇನು ಹಾಕಿದೆ ಅಂತ ಬರೆಸಿಕೊಳ್ಳುತ್ತಿದ್ದರು. ಲೂಸಿಗೂ ಶುರು ಮಾಡಿದರು.

ತಿರುಗಿ ಬಂದದ್ದು

ವಿವೇಕ, ನೀನು ಅಲ್ಲೇ ಹುಟ್ಟಿದೆ. ಮೊದಲು ನಿನ್ನನ್ನು ಎತ್ತಿಕೊಂಡದ್ದು ಸುಮಾ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು. ಔಷಧಿ ಅವಳಿಗೆ ಹಿಡಿಯಿತು. ಎಲ್ಲ ಸುತ್ತೂ ಮುಗಿದು ಶ್ವಾಸಕೋಶದ ಫೋಟೋ ತೆಗೆದಾಗ ಏನೂ ಕಾಣಲಿಲ್ಲ. ಅದೇ ಮೂರು ಚೀಲ ಲೂಸಿಗೆ ಹಿಡಿಯಲಿಲ್ಲ. ಜಾರ್ಜಜ್ಜ ಹೇಳಿಹೋಗಲು ಬಂದ ದಿನ ನಾನು ರಾಗಿ ರೊಟ್ಟಿ ತಟ್ಟುತ್ತಿದ್ದೆ. ಒಂದನ್ನು ತಿಂದರು. ಗಿರಿಜಾಗೆ ಏನೋ ಹೇಳಿ ನನ್ನ ಕೈ ಕುಲುಕಿದರು. ಅವತ್ತು ಸುಮಾಳ ವಿಷಯ ಹೇಳದೆ ಇದ್ದಿದ್ದರೆ ಲೂಸಿಗೆ ಆ ಒಂದು ಅವಕಾಶವೂ ಸಿಗುತ್ತಿರಲಿಲ್ಲ ಅಂದರಂತೆ. ನಾನು ಒಲೆಯ ಕಡೆ ತಿರುಗಿಕೊಂಡೆ.

ಊರಿಗೆ ಬಂದು ವರ್ಷಗಳಾದವು. ಅಲ್ಲಿದ್ದಾಗ ನಾಲೆಯ ನೀರಿನ ಸದ್ದಿಗೆ ಹಂಬಲಿಸಿದವಳು ಈಗ ಆ ಇಟ್ಟಿಗೆ ಊರಿನ ಮಳೆಯನ್ನು, ಆ ಅಡುಗೆಮನೆಯ ಮೇಜನ್ನು ನೆನೆಯುತ್ತಾ ಕೂರುತ್ತೇನೆ.

ಇನ್ನೊಂದು ಮಾತು. ಉಪ್ಪಿಲ್ಲ ಅಂತ ಸುಮಾ ಹೇಳಿದ್ದು ನಿಜವಾಗಿತ್ತು, ಅವಳ ಬಾಯಿರುಚಿ ಕೆಟ್ಟಿರಲಿಲ್ಲ. ಇದನ್ನು ಅವಳಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ನೀನೇ ಹೇಳಬೇಕಾದದ್ದು ಅಂತ ಗಿರಿಜಾ ಬಾಯಿ ಬಿಟ್ಟಿಲ್ಲ. ಆಸ್ಪತ್ರೆಯ ಕಡತದಲ್ಲಿರುವುದು ಮೊಮ್ಮಗಳಿಗೆ ಗೊತ್ತಿಲ್ಲ.

ನೀವು ಮೂವರೂ ಓದಿ ಇದನ್ನು ಅವಳಿಗೆ ಕೊಡಿ. ಇಲ್ಲೂ ಅಲ್ಲಲ್ಲಿ ತಪ್ಪಿದ್ದೇನೆ. ಒಂದೊಂದೇ ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದೇನೆ. ಭೂಮಿಕಾ, ನಿನ್ನ ಅಕ್ಷರ ದುಂಡಗಿದೆ ಅಂತ ಬೇರೆ ಹಾಳೆಗೆ ಇಳಿಸಿ ಇದನ್ನು ಒಲೆಗೆ ಹಾಕಬೇಡ. ಸುಮಾ ಓದಿ ಎಲ್ಲಾದರೂ ಗೆರೆ ಎಳೆದು ತನ್ನ ಮಾತು ಬರೆದರೆ ಅದಕ್ಕೆ ಅವಳ ಸಹಿ ಹಾಕಿಸಿ, ಅದರ ಸಮೇತ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.